ಅಜ್ಜನ ಟೈಗಳನ್ನು ಮೊಮ್ಮಕ್ಕಳಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ: ನೂಲೆಳೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಹೊಲಿಗೆ ಬಲ್ಲವರಿಂದ ಸ್ವಲ್ಪ ವಿವರವಾದ ಸಲಹೆ ಬೇಕಾಗಿದೆ.

ನಮ್ಮ ತಂದೆಯವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಅವರು ತೀರಿಕೊಂಡು ಎರಡು ವರ್ಷಗಳಾದವು. ಕಳೆದ ತಿಂಗಳು ಅವ್ವ ಟ್ರೆಜರಿಯ ಮೇಲಿನ ಖಾನೆಯಿಂದ ಅವರ ಹತ್ತು ಟೈಗಳನ್ನು ತೆಗೆದು ನನ್ನ ಮುಂದಿಟ್ಟು, "ಇವನ್ನ ಏನ್ ಮಾಡ್ತಿ ಮಾಡವಾ, ಸುಮ್ನ ನುಸಿ ಹಿಡಿಯೂದು ಬ್ಯಾಡ" ಎಂದರು. ಮುಂದಿನ ತಿಂಗಳ ಕೊನೆಗೆ ನನ್ನ ತಮ್ಮನ ಮದುವೆಯ ಆರತಕ್ಷತೆ ಇದೆ. ಅಂದು ನನ್ನ ಇಬ್ಬರು ಗಂಡುಮಕ್ಕಳು, ಒಬ್ಬನಿಗೆ ಏಳು ವರ್ಷ, ಇನ್ನೊಬ್ಬನಿಗೆ ಮೂರೂವರೆ, ಅಜ್ಜನ ಟೈಯಿಂದ ಮಾಡಿದ ಏನನ್ನಾದರೂ ತೊಟ್ಟು ನಿಲ್ಲಬೇಕು ಎಂಬುದು ನನ್ನ ಆಸೆ.

ಮೊದಲ ಪ್ರಯತ್ನದಲ್ಲಿಯೇ ಒಂದು ಟೈ ಕೆಟ್ಟಿತು. ಅಗಲವಾದ ತುದಿಯಿಂದ ಮೂವತ್ತೈದು ಸೆಂಟಿಮೀಟರ್ ಅಳೆದು ಕತ್ತರಿಸಿದೆ. ಕತ್ತರಿಸಿದ ಕೂಡಲೇ ಹಿಂಬದಿಯ ಹೊಲಿಗೆ ಮೇಲಿನಿಂದ ಕೆಳಗಿನವರೆಗೂ ಸಡಿಲವಾಗಿ ಬಾಯಿ ಬಿಟ್ಟಿತು. ಅಗಲವನ್ನು ಕಡಿಮೆ ಮಾಡಲೆಂದು ಎರಡೂ ಅಂಚಿಗೆ ಯಂತ್ರದ ಹೊಲಿಗೆ ಹಾಕಿದಾಗ ಬಟ್ಟೆ ಹಗ್ಗದಂತೆ ತಿರುಚಿಕೊಂಡಿತು. ಇಸ್ತ್ರಿ ಮಾಡಿದರೂ ನೇರವಾಗಲಿಲ್ಲ. ಉಳಿದ ಒಂಬತ್ತನ್ನು ಮುಟ್ಟಲು ಈಗ ಕೈ ಬರುತ್ತಿಲ್ಲ. ನಮ್ಮ ಓಣಿಯ ಸಿಂಪಿಗರನ್ನು ಕೇಳಿದರೆ, ಮಕ್ಕಳ ಟೈ ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುವಾಗ ಈ ಕೆಲಸ ಏಕೆ ಎಂದು ಹಿಂದಿರುಗಿಸಿದರು.

ಇನ್ನೊಂದು ವಿಷಯವಿದೆ. ಆ ಒಂಬತ್ತರಲ್ಲಿ ದ್ರಾಕ್ಷಿ ಬಣ್ಣದ ಮೇಲೆ ಬಿಳಿ ಚುಕ್ಕಿಗಳಿರುವ ಒಂದು ರೇಷ್ಮೆ ಟೈಯನ್ನು ತಂದೆಯವರು ಬಡ್ತಿ ಸಿಕ್ಕ ದಿನ ಕೊಂಡಿದ್ದರು. ಅದನ್ನು ದೊಡ್ಡ ಮಗನಿಗೆ ಕಟ್ಟಬೇಕೆಂಬ ಆಸೆ ಇದೆ, ಆದರೆ ಅದಕ್ಕೆ ಕತ್ತರಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಅವನು ಬೆಳೆದ ಮೇಲೆ ಅದನ್ನು ಮತ್ತೆ ಮೊದಲಿನಂತೆ ಪೂರ್ತಿ ಟೈಯಾಗಿ ಜೋಡಿಸಿಕೊಡಲು ಸಾಧ್ಯವಾಗುವ ವಿಧಾನ ಏನಾದರೂ ಇದೆಯೇ? ನನ್ನ ಬಳಿ ಸಾದಾ ಹೊಲಿಗೆ ಯಂತ್ರವಿದೆ, ರವಿಕೆ ಮತ್ತು ಮಕ್ಕಳ ಅಂಗಿ ಹೊಲಿಯುವಷ್ಟು ಅಭ್ಯಾಸವಿದೆ.


ಉತ್ತರ: ಕತ್ತರಿ ಕೆಲಸ, ದಾವಣಗೆರೆ

ಸಹೋದರಿ, ನಾನು ಇಪ್ಪತ್ತಾರು ವರ್ಷಗಳಿಂದ ಕೋಟು ಮತ್ತು ಸಫಾರಿ ಹೊಲಿಯುತ್ತಿದ್ದೇನೆ, ಟೈ ರಿಪೇರಿಯನ್ನೂ ಮಾಡುತ್ತೇನೆ. ಟೈಯ ಒಳಗಿನ ಕಟ್ಟಡ ತಿಳಿಯದೆ ಕತ್ತರಿ ಇಟ್ಟರೆ ಯಾರ ಕೈಯಲ್ಲಾದರೂ ತಮಗೆ ಆದಂತೆಯೇ ಆಗುತ್ತದೆ, ಆದ್ದರಿಂದ ಮೊದಲು ಅದನ್ನು ಹೇಳುತ್ತೇನೆ.

ಅಂಗಿಯ ಬಟ್ಟೆಯನ್ನು ನಾವು ಹಾಸಿನ ಎಳೆಯ ನೇರಕ್ಕೆ ಕತ್ತರಿಸುತ್ತೇವೆ. ಟೈಯ ಬಟ್ಟೆಯನ್ನು ಹಾಸಿಗೂ ಹೊಕ್ಕಿಗೂ 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಇದನ್ನು ಕ್ರಾಸ್ ಎನ್ನುತ್ತೇವೆ. ತಾವು ರವಿಕೆಯ ಕೊರಳಿಗೆ ಹಾಕುವ ಪಟ್ಟಿಯೂ ಇದೇ ಕ್ರಾಸಿನದು. ಹೀಗೆ ಓರೆಯಾಗಿ ಕತ್ತರಿಸಿದ ಮೂರು ತುಂಡುಗಳನ್ನು ಜೋಡಿಸಿ ಟೈ ಮಾಡುವ ಪದ್ಧತಿಯನ್ನು 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಎಂಬ ಟೈ ತಯಾರಕರು ರೂಪಿಸಿದರು, ಇಂದಿಗೂ ಒಳ್ಳೆಯ ಟೈಗಳು ಅದೇ ಕ್ರಮದಲ್ಲಿ ತಯಾರಾಗುತ್ತವೆ. ಕ್ರಾಸ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮತ್ತೆ ಕೂಡುತ್ತದೆ. ಗಂಟು ಹಾಕಿ ಬಿಚ್ಚಿದ ಮೇಲೂ ಟೈ ನೇರವಾಗಿ ನಿಲ್ಲುವುದು ಇದರಿಂದಲೇ. ಹಿಂಬದಿಯಲ್ಲಿ ತಾವು ಕಂಡ ಹೊಲಿಗೆ ಉದ್ದಕ್ಕೂ ಒಂದೇ ದಾರದ್ದು, ಟೈ ಹಿಗ್ಗಿದಾಗ ದಾರವೂ ಸರಿದಾಡಲಿ ಎಂದು ಅದನ್ನು ಬೇಕೆಂದೇ ಸಡಿಲವಾಗಿ ಹಾಕಿರುತ್ತಾರೆ. ಮಧ್ಯದಲ್ಲಿ ಕತ್ತರಿಸಿದರೆ ಆ ದಾರಕ್ಕೆ ಹಿಡಿತವೇ ಉಳಿಯುವುದಿಲ್ಲ. ಹಿಗ್ಗುವ ಬಟ್ಟೆಯ ಎರಡೂ ಅಂಚಿಗೆ ಹಿಗ್ಗದ ಯಂತ್ರದ ಹೊಲಿಗೆ ಬಿದ್ದುದರಿಂದ ತಿರುಚಿಕೊಂಡಿತು.

ಇನ್ನು ಕೆಲಸಕ್ಕೆ ಬರೋಣ. ಟೈಯನ್ನು ಬೋರಲಾಗಿ ಹಾಸಿ, ಎರಡೂ ತುದಿಯ ಹತ್ತಿರ ಅಡ್ಡಲಾಗಿ ಹಾಕಿರುವ ಗಟ್ಟಿ ಟಾಕಿಯನ್ನು ಹೊಲಿಗೆ ಬಿಚ್ಚುವ ಕೊಕ್ಕೆಯಿಂದ ಬಿಡಿಸಿ. ಆಮೇಲೆ ಆ ಉದ್ದನೆಯ ದಾರವನ್ನು ಒಂದು ತುದಿಯಿಂದ ಮೆಲ್ಲನೆ ಎಳೆದರೆ ಬಹಳಷ್ಟು ಟೈಗಳಲ್ಲಿ ಒಂದೇ ಎಳೆತಕ್ಕೆ ಪೂರ್ತಿ ಹೊರಗೆ ಬರುತ್ತದೆ. ಒಳಗಿರುವ ಉಣ್ಣೆಯದೋ ಪಾಲಿಯೆಸ್ಟರಿನದೋ ಆದ ಕ್ಯಾನ್ವಾಸನ್ನು ತೆಗೆದು ಬೇರೆ ಇಡಿ. ಒಂಬತ್ತು ಸೆಂಟಿಮೀಟರ್ ಅಗಲದ ಟೈ ಹೀಗೆ ಬಿಡಿಸಿದಾಗ ಅಗಲ ತುದಿಯಲ್ಲಿ ಸುಮಾರು ಇಪ್ಪತ್ತು ಸೆಂಟಿಮೀಟರ್ ಬಟ್ಟೆಯಾಗಿ ಹರಡಿಕೊಳ್ಳುತ್ತದೆ.

ಬಟ್ಟೆ ರೇಷ್ಮೆಯೋ ಅಲ್ಲವೋ ಎಂಬ ಅನುಮಾನವಿದ್ದರೆ ಒಳಮಡಿಕೆಯಿಂದ ಎರಡು ಎಳೆ ಕಿತ್ತು ಉರಿಯಿಟ್ಟು ನೋಡಿ. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಬೆರಳಿಗೆ ಪುಡಿಯಾಗುವ ಬೂದಿ ಬಿಡುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರಿಗೆ ಇಸ್ತ್ರಿಯ ಬಿಸಿ ಬಹಳ ಕಡಿಮೆ ಇರಲಿ. ರೇಷ್ಮೆಗೂ ತೆಳು ಹತ್ತಿ ಬಟ್ಟೆ ಹಾಸಿಯೇ ಇಸ್ತ್ರಿ ಮಾಡಿ, ಇಲ್ಲವಾದರೆ ಮಡಿಕೆಯ ಜಾಗ ಹೊಳಪು ಹೊಡೆಯುತ್ತದೆ.

ಎಲ್ಲರೂ ಮಾಡುವ ತಪ್ಪನ್ನೇ ತಾವೂ ಮಾಡಿದ್ದೀರಿ: ಅಗಲ ತುದಿಯನ್ನು ಸಣ್ಣದು ಮಾಡಲು ಹೋಗುವುದು. ಟೈಯ ಹಿಂದೆ ಅಡಗಿ ಕೂರುವ ಸಣ್ಣ ತುದಿಯನ್ನು ಒಮ್ಮೆ ಅಳೆದು ನೋಡಿ. ಅದರ ಅಗಲ ಹೆಚ್ಚಿನ ಟೈಗಳಲ್ಲಿ ನಾಲ್ಕರಿಂದ ಐದು ಸೆಂಟಿಮೀಟರ್ ಇರುತ್ತದೆ, ತುದಿಯ ಮೂಲೆ ಮಡಚಿ ಅಸ್ತರು ಹಾಕಿ ಸಿದ್ಧವಾಗಿಯೇ ಇರುತ್ತದೆ. ಮೂರೂವರೆ ವರ್ಷದವನಿಗೂ ಏಳು ವರ್ಷದವನಿಗೂ ಬೇಕಾದ ಅಗಲ ಅದೇ. ಅಲ್ಲದೆ ಆ ಭಾಗ ಬಿಸಿಲು ಕಾಣದೆ, ಸಾರು ಸಿಡಿಯದೆ, ಹೊಸದರಂತೆ ಉಳಿದಿರುತ್ತದೆ. ಮಗುವಿನ ಟೈ ಅಲ್ಲಿಯೇ ಇದೆ, ಬಿಡಿಸಿಕೊಳ್ಳುವುದಷ್ಟೇ ನಮ್ಮ ಕೆಲಸ.

ಈಗ ದ್ರಾಕ್ಷಿ ಬಣ್ಣದ ಟೈ. ಅದನ್ನು ಕತ್ತರಿಸಬೇಕಾಗಿಯೇ ಇಲ್ಲ. ಮೇಲೆ ಹೇಳಿದ ಮೂರು ತುಂಡುಗಳನ್ನು ಕೊರಳಿನ ಭಾಗದಲ್ಲಿ ಓರೆ ಹೊಲಿಗೆಯಿಂದ ಕೂಡಿಸಿರುತ್ತಾರೆ. ಸಣ್ಣ ತುದಿಯ ಕಡೆಯ ಆ ಜೋಡಣೆಯನ್ನು ಬಿಡಿಸಿದರೆ ಅರ್ಧ ಮೀಟರಿನ ಆಸುಪಾಸಿನ ತುಂಡು, ಒಂದು ಎಳೆಯೂ ಕತ್ತರಿಸದೆ, ಬೇರೆಯಾಗಿ ಬರುತ್ತದೆ. ಹಳೆಯ ಕ್ಯಾನ್ವಾಸನ್ನು ಮುಟ್ಟದೆ ಸುತ್ತಿಟ್ಟು, ಈ ತುಂಡಿಗೆ ತೆಳುವಾದ ಹೊಸ ಒಳಪದರ ಕೊಡಿ. ಹಳೆಯ ಮಡಿಕೆಯ ಗೆರೆಗಳ ಮೇಲೆಯೇ ಮತ್ತೆ ಮಡಚಿ, ರೇಷ್ಮೆ ದಾರದಿಂದ ಕೈಯಲ್ಲಿ ಸಡಿಲವಾಗಿ ಹೊಲಿಯಿರಿ. ಮಗನ ಅಂಗಿಯ ಕಾಲರಿನ ಗುಂಡಿಯಿಂದ ಪ್ಯಾಂಟಿನ ಸೊಂಟದವರೆಗೆ ಅಳೆದು ಅಷ್ಟು ಉದ್ದವನ್ನು ಮುಂದೆ ಇಳಿಬಿಡಿ. ಮಿಕ್ಕ ಹದಿನೈದು ಇಪ್ಪತ್ತು ಸೆಂಟಿಮೀಟರನ್ನು ಮೇಲೆ ಅಡ್ಡಲಾಗಿ ಮಡಚಿ, ತನ್ನ ಸುತ್ತಲೇ ಒಂದು ಸುತ್ತು ಸುತ್ತಿ, ತುದಿಯನ್ನು ಹಿಂದೆ ಸೇರಿಸಿ ನಾಲ್ಕು ಕಚ್ಚಾ ಹೊಲಿಗೆ ಹಾಕಿದರೆ ಮುಂದಿನಿಂದ ನೋಡುವವರಿಗೆ ಅದು ಕಟ್ಟಿದ ಗಂಟಿನಂತೆಯೇ ಕಾಣುತ್ತದೆ. ಗಂಟಿನ ಹಿಂದೆ ಕೊರಳಪಟ್ಟಿ ಹೋಗಲು ಒಂದು ಸಣ್ಣ ಕುಣಿಕೆ ಬಿಡಿ. ಮಗ ದೊಡ್ಡವನಾದ ದಿನ ಇವೆಲ್ಲವನ್ನೂ ಬಿಚ್ಚಿ, ಮೂರು ತುಂಡು ಕೂಡಿಸಿ, ಹಳೆಯ ಕ್ಯಾನ್ವಾಸನ್ನು ಒಳಗಿಟ್ಟು ಹೊಲಿದರೆ ಅಜ್ಜನ ಟೈ ಅಜ್ಜನದೇ ಅಳತೆಯಲ್ಲಿ ಮರಳಿ ಬರುತ್ತದೆ. ಬಿಡಿಸಿದ ಭಾಗಗಳನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ.

ಚಿಕ್ಕವನಿಗೆ ಬೋ ಚೆನ್ನಾಗಿ ಕಾಣುತ್ತದೆ. ಬೇರೊಂದು ಟೈಯ ಅಗಲ ತುದಿಯನ್ನು ಬಿಡಿಸಿ, ಬಟ್ಟೆಯ ಹಿಂಬದಿಗೆ ತೆಳು ಫ್ಯೂಸಿಂಗ್, ಅಂದರೆ ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ಒಳಪದರ, ಅಂಟಿಸಿ, ತಣ್ಣಗಾದ ಮೇಲಷ್ಟೇ ಕತ್ತರಿಸಿ. ಈ ಕ್ರಮ ಹಿಂದುಮುಂದಾದರೆ ಕ್ರಾಸ್ ಬಟ್ಟೆ ಕತ್ತರಿಯ ಕೆಳಗೇ ಜಾರಿ ಮೂಲೆಗಳು ಓರೆಯಾಗುತ್ತವೆ. ಇಪ್ಪತ್ತು ಸೆಂಟಿಮೀಟರ್ ಉದ್ದ, ಹನ್ನೆರಡು ಅಗಲದ ಒಂದು ಆಯತ, ಏಳಕ್ಕೆ ಆರರ ಒಂದು ಸಣ್ಣ ತುಂಡು, ಇಷ್ಟು ಸಾಕು. ದೊಡ್ಡದನ್ನು ಉದ್ದಕ್ಕೆ ಮಡಚಿ ಕೊಳವೆಯಂತೆ ಹೊಲಿದು ತಿರುವಿಹಾಕಿ, ಎರಡೂ ತುದಿಯನ್ನು ಹಿಂಬದಿಯ ನಡುವಿಗೆ ತಂದು ಕೂಡಿಸಿ, ನಡುವೆ ನೆರಿಗೆ ಹಿಡಿದು ದಾರ ಬಿಗಿದು, ಸಣ್ಣ ತುಂಡನ್ನು ಪಟ್ಟಿಯಾಗಿ ಮಡಚಿ ಸುತ್ತಿ ಹೊಲಿಯಿರಿ. ಒಂಬತ್ತು ಸೆಂಟಿಮೀಟರ್ ಉದ್ದ, ಐದು ಎತ್ತರದ ಬೋ ಆಗುತ್ತದೆ. ಯಂತ್ರಕ್ಕೆ 11ನೇ ನಂಬರಿನ ಹೊಸ ಸೂಜಿ ಹಾಕಿ. ಮೊಂಡಾದ ಸೂಜಿ ರೇಷ್ಮೆಯ ಎಳೆಯನ್ನು ಎಳೆದು ಗೆರೆ ಬೀಳಿಸುತ್ತದೆ. ಅಂಗಡಿಯಲ್ಲಿ ಕೆಲಸ ಕಲಿಯಲು ಬಂದ ಹುಡುಗರಿಗೆ ನಾನು ಮೊದಲು ಹೇಳುವ ಮಾತೂ ಇದೇ.


ಉತ್ತರ: ಕಡಲತೀರ, ಮಂಗಳೂರು ಮೂಲ, ಈಗ ಡಬ್ಲಿನ್

ಮೇಲಿನ ಉತ್ತರ ಓದಿ ಬಹಳ ಸಂತೋಷವಾಯಿತು. ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ; ಹೊಲಿಗೆಯ ವಿಷಯ ಅವರು ಹೇಳಿದ ಮೇಲೆ ನಾನು ಹೇಳುವಂಥದ್ದೇನೂ ಇಲ್ಲ. ಆದರೆ ಕೊರಳಪಟ್ಟಿಯ ಬಗ್ಗೆ ಮತ್ತು ಟೈಗಳನ್ನು ಇಟ್ಟಿದ್ದ ರೀತಿಯ ಬಗ್ಗೆ ಎರಡು ಮಾತು ಹೇಳದೆ ಇರಲಾರೆ.

ಮದುವೆ ಮನೆಯಲ್ಲಿ ಮಕ್ಕಳು ಒಂದು ಕ್ಷಣ ಸುಮ್ಮನಿರುವುದಿಲ್ಲ. ಕುರ್ಚಿಗಳ ಕೆಳಗೆ ನುಸುಳುತ್ತಾರೆ, ಒಬ್ಬರ ಟೈಯನ್ನು ಇನ್ನೊಬ್ಬರು ಹಿಡಿದೆಳೆಯುತ್ತಾರೆ. ಯುರೋಪಿನಲ್ಲಿ ಮಕ್ಕಳ ಉಡುಪಿಗೆ ಇಎನ್ 14682 ಎಂಬ ಸುರಕ್ಷತಾ ಮಾನದಂಡವಿದೆ. ಏಳು ವರ್ಷದೊಳಗಿನ ಮಕ್ಕಳ ಬಟ್ಟೆಯಲ್ಲಿ ತಲೆ ಮತ್ತು ಕೊರಳಿನ ಭಾಗದಲ್ಲಿ ಎಳೆದು ಕಟ್ಟುವ ಲಾಡಿಗಳು ಇರಕೂಡದು ಎಂದು ಅದು ಹೇಳುತ್ತದೆ. ಅಂಗಿಯ ಮೇಲೆ ತೊಡುವ ಟೈ ಆ ನಿಯಮದ ವ್ಯಾಪ್ತಿಗೆ ಸೇರುವುದಿಲ್ಲ. ಆದರೂ ಆ ನಿಯಮ ಹುಟ್ಟಿದ ಕಾರಣ, ಅಂದರೆ ಕೊರಳ ಸುತ್ತಲಿನದು ಎಲ್ಲೋ ಸಿಕ್ಕಿಕೊಂಡು ಬಿಗಿಯುವ ಅಪಾಯ, ಟೈಗೂ ಅಷ್ಟೇ ಅನ್ವಯಿಸುತ್ತದೆ. ಆದುದರಿಂದ ನಿಜವಾದ ಜಾರುಗಂಟನ್ನು ಇಷ್ಟು ಚಿಕ್ಕ ಮಕ್ಕಳಿಗೆ ಕಟ್ಟಲೇಬೇಡಿ. ಸಿದ್ಧಗಂಟಿನ ಟೈಗೂ ಬಿಚ್ಚಲಾಗದ ಎಲಾಸ್ಟಿಕ್ ಬಳೆ ಹಾಕುವುದಕ್ಕಿಂತ, ಟೈ ಬಟ್ಟೆಯದೇ ಕೊರಳಪಟ್ಟಿ ಮಾಡಿ ಕತ್ತಿನ ಹಿಂದೆ ಎರಡು ಸೆಂಟಿಮೀಟರಿನಷ್ಟು ಮಾತ್ರ ವೆಲ್ಕ್ರೋ ಕೂಡುವಂತೆ ಹೊಲಿಯಿರಿ. ಅಳತೆಯನ್ನು ಅಂಗಿ ತೊಡಿಸಿ ಕಾಲರಿನ ಮೇಲೆ ತೆಗೆಯಿರಿ, ತಮ್ಮ ಎರಡು ಬೆರಳು ಒಳಗೆ ಆಡುವಷ್ಟು ಸಡಿಲವಿರಲಿ. ಹೊಲಿದಾದ ಮೇಲೆ ಅದನ್ನು ತಮ್ಮ ತೋಳಿಗೆ ಸುತ್ತಿ ಟೈಯನ್ನು ಕೆಳಗೆ ಜಗ್ಗಿ ನೋಡಿ. ಪಟ್ಟಿ ತಟ್ಟನೆ ಬಿಚ್ಚಿಕೊಳ್ಳಬೇಕು. ಬಿಚ್ಚದಿದ್ದರೆ ವೆಲ್ಕ್ರೋ ಇನ್ನೂ ಕಡಿಮೆ ಮಾಡಿ. ಹಾಗೆಯೇ ಬೋವಿನ ನಡುವೆ ಹೊಳೆಯುವ ಕಲ್ಲು, ಮಣಿ, ಗುಂಡುಸೂಜಿ ಯಾವುದೂ ಬೇಡ. ಮೂರೂವರೆ ವರ್ಷದ ಮಗುವಿನ ಕೈಗೆ ಸಿಕ್ಕದ್ದು ಬಾಯಿಗೆ ಹೋಗುತ್ತದೆ.

ಎರಡನೆಯದು ನುಸಿಗುಳಿಗೆಯ ವಿಷಯ. ಟೈಗಳ ಜೊತೆ ನ್ಯಾಫ್ತಲೀನ್ ಗುಳಿಗೆಗಳನ್ನು ಇಟ್ಟಿದ್ದರೇ ಎಂದು ದಯವಿಟ್ಟು ತಾಯಿಯವರನ್ನು ಕೇಳಿ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಈ ಕೊರತೆ ಗಂಡುಮಕ್ಕಳಲ್ಲಿಯೇ ಹೆಚ್ಚು, ರಕ್ತಪರೀಕ್ಷೆ ಮಾಡಿಸದ ಮನೆಗಳಿಗೆ ಅದು ತಿಳಿದಿರುವುದೇ ಇಲ್ಲ. ಮೂಗಿನ ಕೆಳಗೇ ಇರುವ ಬಟ್ಟೆಯಾದ್ದರಿಂದ ಈ ಎಚ್ಚರ ಅಗತ್ಯ. ಬಿಡಿಸಿದ ಬಟ್ಟೆಯನ್ನು ಹೊಲಿಯುವ ಮೊದಲೇ ಹಲವು ದಿನ ಗಾಳಿಯಾಡುವ ನೆರಳಿನಲ್ಲಿ ಹರವಿ, ವಾಸನೆ ಪೂರ್ತಿ ಹೋಗುವಂತೆ ತೊಳೆಯಿರಿ. ನನ್ನ ಅಮ್ಮ ರೇಷ್ಮೆ ಸೀರೆಗಳನ್ನು ಅಂಟುವಾಳದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದಂತೆ ಇದನ್ನೂ ಮಾಡಬಹುದು: ತಣ್ಣೀರು, ಹಿಂಡಬಾರದು, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಬೇಕು. ಮೊದಲು ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಒಳಮಡಿಕೆಗೆ ಒತ್ತಿ ಬಣ್ಣ ಬಿಡುತ್ತದೆಯೇ ಎಂದು ನೋಡಿಕೊಳ್ಳಿ. ಬಣ್ಣ ಬಿಟ್ಟರೆ ಡ್ರೈಕ್ಲೀನಿಂಗ್‌ಗೆ ಕೊಡುವುದೇ ಸರಿ.


ಉತ್ತರ: ಅಡಕೆ ತೋಟ, ಶಿರಸಿ

ಟೈಯಿಂದ ಟೈಯನ್ನೇ ಮಾಡಬೇಕೆಂದಿಲ್ಲ ಎಂಬುದನ್ನು ಸೇರಿಸುತ್ತೇನೆ. ಹೋದ ವರ್ಷ ನಮ್ಮ ಅಣ್ಣನ ಮಗನ ಉಪನಯನದಲ್ಲಿ ಎಂಟು ವರ್ಷದ ಮಾಣಿಯ ಪಂಚೆ ನಿಲ್ಲುವಂತೆ ಮಾಡುವುದೇ ದೊಡ್ಡ ಕೆಲಸವಾಗಿತ್ತು. ಚರ್ಮದ ಬೆಲ್ಟನ್ನು ಆ ದಿನ ಕಟ್ಟುವುದು ಹಿರಿಯರಿಗೆ ಸರಿಬರಲಿಲ್ಲ. ಆಗ ಅತ್ತಿಗೆ ತಮ್ಮ ತಂದೆಯವರ ಹಳದಿ ಟೈಯೊಂದನ್ನು ಬಿಡಿಸಿ, ಮೂರೂವರೆ ಸೆಂಟಿಮೀಟರ್ ಅಗಲಕ್ಕೆ ಮಡಚಿ, ಒಳಗೆ ದಪ್ಪ ಹತ್ತಿ ಪಟ್ಟಿ ಇಟ್ಟು ಹೊಲಿದು, ಒಂದು ತುದಿಗೆ ಡಿ ಆಕಾರದ ಎರಡು ಲೋಹದ ಬಳೆ ಹಾಕಿದರು. ಊಟದವರೆಗೂ ಪಂಚೆ ಜಾರಲಿಲ್ಲ, ಮೆತ್ತಗಿದ್ದುದರಿಂದ ಹುಡುಗನೂ ತಕರಾರು ಮಾಡಲಿಲ್ಲ. ಆ ಹತ್ತಿ ಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ಕ್ರಾಸ್ ಬಟ್ಟೆ ಹಿಗ್ಗಿ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ಹೆಗಲ ಮೇಲಿನಿಂದ ಪ್ಯಾಂಟಿಗೆ ಸಿಕ್ಕಿಸುವ ಸಸ್ಪೆಂಡರಿಗೂ ಇದೇ ಕ್ರಮ, ಅದಕ್ಕೆ ಎರಡು ಟೈ ಬೇಕಾಗುತ್ತವೆ. ಚಿಕ್ಕ ಮಕ್ಕಳಿಗೆ ಕೊರಳಿನದಕ್ಕಿಂತ ಸೊಂಟದ ಅಲಂಕಾರವೇ ನನಗೆ ಹೆಚ್ಚು ಸರಿಯೆನಿಸುತ್ತದೆ.


ಮರುಮಾತು: ನೂಲೆಳೆ, ಧಾರವಾಡ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಅವ್ವನನ್ನು ಕೇಳಿದೆ; ಗುಳಿಗೆಗಳನ್ನು ಇಟ್ಟದ್ದು ನಿಜ. ಒಂಬತ್ತು ಟೈಗಳನ್ನೂ ಬಿಡಿಸಿ ಹಿಂದಿನ ಪಡಸಾಲೆಯಲ್ಲಿ ಹಗ್ಗ ಕಟ್ಟಿ ಎಂಟು ದಿನ ಹರವಿದ್ದೆ. ಎರಡು ಬಣ್ಣ ಬಿಟ್ಟವು, ಅವನ್ನು ಡ್ರೈಕ್ಲೀನಿಂಗ್‌ಗೆ ಕೊಟ್ಟಿದ್ದೇನೆ. ಉಳಿದವನ್ನು ಅಂಟುವಾಳದ ನೀರಿನಲ್ಲಿ ತೊಳೆದಾಯಿತು.

ದ್ರಾಕ್ಷಿ ಬಣ್ಣದ ಟೈಯ ದಾರ ಹೇಳಿದಂತೆಯೇ ಒಂದೇ ಎಳೆತಕ್ಕೆ ಹೊರಗೆ ಬಂದಿತು. ಓರೆ ಜೋಡಣೆಯನ್ನು ಬಿಡಿಸಿ ಸಣ್ಣ ತುದಿಯನ್ನು ದೊಡ್ಡವನ ಅಂಗಿಯ ಮೇಲೆ ಹಿಡಿದು ನೋಡಿದೆ, ಅಗಲ ನಾಲ್ಕೂವರೆ ಸೆಂಟಿಮೀಟರ್, ಅಳತೆ ಕೊಟ್ಟು ಮಾಡಿಸಿದಂತಿತ್ತು. ಅವ್ವ ಬಂದು ಬಟ್ಟೆಯ ಒಳಮಡಿಕೆಯನ್ನು ಬೆರಳಿನಿಂದ ಸವರಿ ನೋಡಿದರು. ಹೊರಗೆ ಮಾಸಿದ ಬಣ್ಣ ಅಲ್ಲಿ ಕೊಂಡ ದಿನ ಹೇಗಿತ್ತೋ ಹಾಗೆಯೇ ಗಾಢವಾಗಿ ಉಳಿದಿದೆ. "ಹೌದು, ಇದss ಬಣ್ಣ ಇತ್ತು" ಎಂದು ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕುಳಿತಿದ್ದರು.

ಅದರಿಂದಲೇ ಒಂದು ಸಂದೇಹ ಹುಟ್ಟಿದೆ. ಚಿಕ್ಕವನ ಬೋಗೆ ಆರಿಸಿಕೊಂಡ ನೀಲಿ ಟೈಯಲ್ಲಿಯೂ ನಡುಭಾಗ ಮಾಸಿ, ಎರಡೂ ಮಗ್ಗುಲಿನ ಒಳಮಡಿಕೆ ಗಾಢವಾಗಿದೆ. ಆಯತ ಕತ್ತರಿಸಿದರೆ ಎರಡು ಬಣ್ಣ ಪಟ್ಟೆಯಂತೆ ಕಾಣುವುದಿಲ್ಲವೇ?


ಉತ್ತರ: ಕತ್ತರಿ ಕೆಲಸ, ದಾವಣಗೆರೆ

ಕಾಣದಂತೆ ಕತ್ತರಿಸಬಹುದು. ಟೈಯನ್ನು ಬಿಡಿಸಿದಾಗ ತುದಿಯ ಮೂಲೆಯಿಂದ ಮೇಲಕ್ಕೆ ಹೋಗುವ ನಡುಗೆರೆಯನ್ನು ಸೀಮೆಸುಣ್ಣದಿಂದ ಹಿಂಬದಿಯಲ್ಲಿ ಗುರುತಿಸಿಕೊಳ್ಳಿ. ಆಯತದ ನಡುಗೆರೆ ಅದರ ಮೇಲೆಯೇ ಕೂರಲಿ, ಅಂದರೆ ಹನ್ನೆರಡು ಸೆಂಟಿಮೀಟರ್ ಅಗಲ ಎರಡೂ ಕಡೆಗೆ ಆರಾರು ಹಂಚಿಹೋಗಲಿ. ಕೊಳವೆ ಹೊಲಿದು ತಿರುವಿದ ಮೇಲೆ ಜೋಡಣೆಯ ಹೊಲಿಗೆಯನ್ನು ಅಂಚಿಗೆ ಬಿಡದೆ ಹಿಂಬದಿಯ ನಡುವಿಗೆ ತಂದು ಇಸ್ತ್ರಿ ಮಾಡಿ. ಆಗ ಮುಂದೆ ಕಾಣುವ ಐದು ಸೆಂಟಿಮೀಟರೂ ಒಂದೇ ಮಾಸಲು ನೀಲಿಯದಾಗಿ, ಗಾಢವಾದ ಅಂಚುಗಳು ಹಿಂದೆ ಮರೆಯಾಗುತ್ತವೆ. ನಡುವಿನ ಸುತ್ತುಪಟ್ಟಿಯನ್ನು ಮಾತ್ರ ಒಳಮಡಿಕೆಯಿಂದ ತೆಗೆಯಬೇಡಿ. ಅದೇ ನಡುಗೆರೆಯ ಮೇಲೆ, ಆಯತದ ಮೇಲ್ಭಾಗದಲ್ಲಿ ಉಳಿದ ಬಟ್ಟೆಯಿಂದ ಕತ್ತರಿಸಿ.